ತಲೆ ಕೆಳಗಾಗಿ ಕೂರುವವಳು

ಫುಕುಓಕ, ಆಸ್ಪತ್ರೆಯ ಮೂರನೆಯ ಮಹಡಿ
೧೯೬೫ ಮೇ ೨೧, ಶುಕ್ರವಾರ

ಸೊಸೆ ಮಿನೆಗೆ,

ಹವೆಯ ವಿಚಾರದಿಂದ ಪತ್ರ ಶುರು ಮಾಡುವುದು ಮರ್ಯಾದೆ. ಆದರೆ ಇಲ್ಲಿ ಕಿಟಕಿ ತೆರೆಯಲು ಬಿಡುವುದಿಲ್ಲ, ಹಾಗಾಗಿ ಹವೆ ಹೇಗಿದೆಯೋ ನನಗೆ ಗೊತ್ತಿಲ್ಲ. ಹೊಟ್ಟೆಯಲ್ಲಿ ಸಣ್ಣದೊಂದು ಗಂಟು ಇದೆಯಂತೆ, ತೆಗೆದರೆ ಸರಿಹೋಗುತ್ತದಂತೆ. ಇಷ್ಟಕ್ಕೇ ಹಡಗಿನಲ್ಲಿರುವ ಯೋಸುಕೆಗೆ ತಂತಿ ಹೊಡೆಯಬೇಡ. ನಿನ್ನ ಗಂಡ ಶರತ್ಕಾಲಕ್ಕೆ ಮೀನು ತುಂಬಿಕೊಂಡೇ ಬರಲಿ.

ಈಗ ಮುಖ್ಯ ವಿಷಯ. ಪೂರ್ವದ ಕೋಣೆಯಲ್ಲಿ ನನ್ನ ಮೂರು ಹೆಣ್ಣುಜೇಡಗಳನ್ನು ಬಿಟ್ಟು ಬಂದಿದ್ದೇನೆ. ಕಿಟಕಿಯ ಕಡೆ ಇರುವವಳು ಬಿದಿರುಮೆಳೆಯವಳು, ನಡುವೆ ಕಿತ್ತಳೆ ತೋಟದವಳು, ಮೂಲೆಯಲ್ಲಿ ಸ್ಮಶಾನದವಳು. ಎಲ್ಲಿ ಹಿಡಿದೆನೋ ಅದೇ ಹೆಸರು. ಸ್ಮಶಾನದವಳು ಈಗ ಸಣ್ಣವಳು, ಆದರೆ ಆಕೆಯ ಮೇಲೆ ನನಗೆ ನಂಬಿಕೆ. ದಿನಕ್ಕೊಂದು ಮಿಡತೆಯೋ ದುಂಬಿಯೋ ಬಲೆಗೆ ಎಸೆದರೆ ಸಾಕು, ಸಂಜೆ ಸ್ವಲ್ಪ ನೀರು ಚಿಮುಕಿಸಬೇಕು.

ನೀನು ಆ ಬಾಗಿಲು ತೆರೆಯಬೇಕಾಗಿಲ್ಲ. ಪಕ್ಕದ ಮನೆಯ ಒತೊಕು ಅಜ್ಜಿಗೆ ಹೇಳು, ಅವಳು ನೋಡಿಕೊಳ್ಳುತ್ತಾಳೆ. ನಿನ್ನ ಮದುವೆಯ ದಿನ ನನಗಿನ್ನೂ ನೆನಪಿದೆ.

ಜೂನ್ ಇಪ್ಪತ್ತಕ್ಕೆ ಗುಡಿಯಂಗಳದಲ್ಲಿ ಜೇಡಗಳ ಕಾಳಗ. ಅಷ್ಟರೊಳಗೆ ನಾನು ಬಂದುಬಿಡುತ್ತೇನೆ. ತೋಫು ಅಂಗಡಿಯ ಯಜಮಾನ ನಾಗಸಾಕೊ ಮನೆಯೊಳಗೆ ಇಣುಕಲು ಬಂದರೆ ಚಹಾ ಕೊಟ್ಟು ಹಾಗೇ ಸಾಗಹಾಕು.

ಅರಿಮುರ ಗೆನ್ಸಾಕು


ಕುರೋಸೆ
ಮೇ ೨೫

ಪೂಜ್ಯ ಮಾವನವರಿಗೆ,

ಬಿವಾ ಹಣ್ಣು ಬಣ್ಣ ತಿರುಗುತ್ತಿರುವ ಈ ದಿನಗಳಲ್ಲಿ ತಮ್ಮ ಆರೋಗ್ಯ ಬೇಗ ಸುಧಾರಿಸಲೆಂದು ಪ್ರಾರ್ಥಿಸುತ್ತೇನೆ. ಮೊನ್ನೆ ಬೆಟ್ಟ ಬೂದಿ ಉಗುಳಿದ್ದರಿಂದ ಒಗೆದ ಬಟ್ಟೆಯನ್ನೆಲ್ಲ ಮತ್ತೆ ಒಗೆಯಬೇಕಾಯಿತು. ಅದು ಬಿಟ್ಟರೆ ಮನೆಯಲ್ಲಿ ಎಲ್ಲವೂ ಕ್ಷೇಮ.

ಒತೊಕು ಅಜ್ಜಿಗೆ ತೊಂದರೆ ಕೊಡುವುದು ಬೇಡವೆನಿಸಿತು. ಜೇಡಗಳನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಮೂವರೂ ಚೆನ್ನಾಗಿ ತಿನ್ನುತ್ತಿದ್ದಾರೆ. ನಿನ್ನೆ ಬೆಳಿಗ್ಗೆ ನೋಡಿದಾಗ ಮೂವರೂ ತಲೆ ಮೇಲೆತ್ತಿಕೊಂಡು ಲಕ್ಷಣವಾಗಿ ಕೂತಿದ್ದರು. ತಾವು ಚಿಂತಿಸಬಾರದು.

ತಮ್ಮ ಸೊಸೆ
ಮಿನೆ


ಫುಕುಓಕ
ಮೇ ೨೮

ಮಿನೆಗೆ,

ನಿನ್ನ ಅಕ್ಷರ ಚೆನ್ನಾಗಿದೆ. ಉತ್ತರದವರು ಚಳಿಗೆ ಮನೆಯೊಳಗೇ ಕೂತು ಬರೆದು ಬರೆದು ಕೈ ಪಳಗಿಸಿಕೊಳ್ಳುತ್ತಾರೆಂದು ಕಾಣುತ್ತದೆ.

ಒಂದು ಸಣ್ಣ ಸಂಶಯ. ಐವತ್ತು ವರ್ಷದಿಂದ ನಾನು ಜೇಡ ಸಾಕುತ್ತಿದ್ದೇನೆ. ನನ್ನ ಅಪ್ಪ ಸಾಕಿದ್ದ, ಅವನ ಅಪ್ಪನೂ ಸಾಕಿದ್ದ. ತಲೆ ಮೇಲೆತ್ತಿಕೊಂಡು ಕೂತ ಜೇಡವನ್ನು ನಮ್ಮ ಮನೆತನದಲ್ಲಿ ಯಾರೂ ನೋಡಿಲ್ಲ. ಬಲೆಯ ನಡುವೆ ಅವಳು ಯಾವಾಗಲೂ ತಲೆ ಕೆಳಗೆ ಮಾಡಿಯೇ ಕೂರುವುದು. ನಾನು ಊರು ಬಿಟ್ಟ ನಾಲ್ಕೇ ದಿನಕ್ಕೆ ಮೂವರಿಗೂ ಒಟ್ಟಿಗೇ ಹುಚ್ಚು ಹಿಡಿದಿರಬೇಕು, ಇಲ್ಲವೇ ನೀನು ಬಾಗಿಲನ್ನೇ ತೆರೆದಿಲ್ಲ.

ಬೈಯುತ್ತಿಲ್ಲ. ಅಜ್ಜಿಗೆ ಹೇಳಲು ಅಭಿಮಾನ ಅಡ್ಡ ಬಂತು, ಬಾಗಿಲು ತೆರೆಯಲು ಭಯ ಅಡ್ಡ ಬಂತು. ಎರಡರ ನಡುವೆ ಮೂವರು ಉಪವಾಸ. ಒಂದು ಬಟ್ಟಲು ಚಹಾ ಮಾಡಿಕೊಂಡು ಹೋಗು. ಬಾಗಿಲು ತೆರೆದು ಹೊಸ್ತಿಲಲ್ಲೇ ನಿಲ್ಲು. ಚಹಾ ಆರುವವರೆಗೆ ನಿಂತಿದ್ದು ವಾಪಸು ಬಾ. ಮೊದಲ ದಿನಕ್ಕೆ ಅಷ್ಟೇ ಸಾಕು.

ಇನ್ನೊಂದು ಮಾತು. ಇಲ್ಲಿಯವರು ಜೂನ್ ಇಪ್ಪತ್ತಕ್ಕೆ ನನ್ನನ್ನು ಬಿಡುವುದಿಲ್ಲವಂತೆ. ಗುಡಿಯ ಸೂರಿನ ಕೆಳಗೆ ನಮ್ಮ ಮನೆಯ ಹೆಸರಿನ ಮರದ ಫಲಕ ನೇತಾಡುವುದನ್ನು ನೀನು ನೋಡಿದ್ದೀಯ. ಒಂದು ವರ್ಷ ಜೇಡ ತರದಿದ್ದರೆ ಆ ಫಲಕ ಇಳಿಸಿ, ಕಾದು ನಿಂತ ಮನೆಯವರಿಗೆ ಜಾಗ ಕೊಡುತ್ತಾರೆ. ನಾಗಸಾಕೊ ತನ್ನ ತಮ್ಮನಿಗಾಗಿ ಕಾದು ನಿಂತು ಒಂಬತ್ತು ವರ್ಷವಾಯಿತು. ಅದಿರಲಿ, ಫಲಕವೆಂದರೆ ಒಂದು ತುಂಡು ಮರ. ಅದನ್ನು ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಗೆನ್ಸಾಕು


ಕುರೋಸೆ
ಮೇ ೩೧

ಮಾವನವರಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಮ್ಮ ಪತ್ರ ಓದಿ ನಾನು ಒಬ್ಬಳೇ ಕೂತಿದ್ದರೂ ಮುಖ ಮುಚ್ಚಿಕೊಂಡೆ. ನಾನು ಸುಳ್ಳು ಹೇಳಿದೆ. ಕ್ಷಮೆ ಕೇಳಲು ಮುಖವಿಲ್ಲ.

ನನ್ನ ಊರು ಓತಾರುವಿನಲ್ಲಿ ಹಿಮಕ್ಕೆ ಹೆದರಬೇಕು, ಸಮುದ್ರಕ್ಕೆ ಹೆದರಬೇಕು. ಅಂಗೈಯಗಲದ ಜೇಡ ಅಲ್ಲಿ ಇಲ್ಲ. ಮದುವೆಯ ದಿನ ಈ ಮನೆಯ ತೊಲೆಯಿಂದ ಒಬ್ಬಳು ನನ್ನ ಕೊರಳಿಗೇ ಇಳಿದಳು. ನಾನು ಕಿರುಚಿ ತಟ್ಟೆ ಬೀಳಿಸಿದೆ, ಊರಿಗೆ ಊರೇ ನಕ್ಕಿತು. ಸಂತೆಯಲ್ಲಿ ನನ್ನನ್ನು ಈಗಲೂ ಕಿರುಚುವ ಸೊಸೆ ಎನ್ನುತ್ತಾರೆ. ತಮಗೆ ಕೇಳಿಸದಂತೆ ಅನ್ನುತ್ತಾರೆ, ಅಷ್ಟೇ.

ನಿನ್ನೆ ಚಹಾ ಹಿಡಿದುಕೊಂಡು ಹೋಗಿ ಬಾಗಿಲು ಸರಿಸಿದೆ. ಒಳಗಿನ ಸೊಳ್ಳೆಪರದೆ ಎತ್ತುವಾಗ ಅರ್ಧ ಚಹಾ ಚಾಪೆಯ ಮೇಲೆ ಚೆಲ್ಲಿತು. ಇಬ್ಬರು ಇದ್ದರು, ತಲೆ ಕೆಳಗಾಗಿಯೇ ಇದ್ದರು. ಮೂಲೆಯ ಬಲೆ ಹರಿದಿತ್ತು. ಅದರ ಕೆಳಗೆ, ಮಾವ, ಸ್ಮಶಾನದವಳು ಸತ್ತು ಬಿದ್ದಿದ್ದಳು. ಎಂಟು ಕಾಲೂ ಒಳಕ್ಕೆ ಮುದುಡಿ, ಒಣಗಿ, ಮೈಯ ಬಣ್ಣವೆಲ್ಲ ಹೋಗಿತ್ತು. ಒಂಬತ್ತು ದಿನ ನಾನು ಅನ್ನ ನೀರು ಕೊಡದೆ ಕೊಂದೆ. ತಮಗೆ ನಂಬಿಕೆ ಇದ್ದವಳನ್ನೇ ಕೊಂದೆ.

ಕಾಗದದಲ್ಲಿ ಎತ್ತಿಕೊಂಡು ಹೋಗಿ ಬಿವಾ ಮರದ ಬುಡದಲ್ಲಿ ಮಣ್ಣು ಮಾಡಿದೆ. ಊದುಬತ್ತಿ ಹಚ್ಚಿ, ತಪ್ಪಾಯಿತೆಂದು ಕೇಳಿಕೊಂಡು ಅತ್ತೆ. ಉಳಿದಿಬ್ಬರಿಗೆ ಇಕ್ಕಳದಲ್ಲಿ ಹಿಡಿದು ಒಂದೊಂದು ಮಿಡತೆ ಕೊಟ್ಟಿದ್ದೇನೆ. ಕಣ್ಣು ಮುಚ್ಚಿಕೊಂಡು ಕೊಟ್ಟೆ, ಆದರೆ ಕೊಟ್ಟೆ.

ಮಿನೆ


ಫುಕುಓಕ
ಜೂನ್ ೨

ಮಿನೆ,

ನೀನು ಮಣ್ಣು ಮಾಡಿದ್ದು ಹೆಣವನ್ನಲ್ಲ, ಬಟ್ಟೆಯನ್ನು.

ಎತ್ತಿದಾಗ ತೂಕ ಇತ್ತೇ? ಇದ್ದಿರಲಾರದು. ಬೆನ್ನ ಮೇಲೆ ಮುಚ್ಚಳ ತೆರೆದಂತೆ ಬಿರುಕು ಇತ್ತಲ್ಲವೇ? ಅದು ಅವಳು ಕಳಚಿಟ್ಟ ಹಳೆಯ ಚರ್ಮ. ಜೇಡ ಬೆಳೆಯುವುದೇ ಹಾಗೆ. ಇದು ಅವಳ ಕೊನೆಯ ಪೊರೆ. ಈಗ ಅವಳು ತುಂಬು ಹೆಣ್ಣಾಗಿ, ನೀನು ಪರದೆ ಎತ್ತಿದಾಗ ಹೊರಬಿದ್ದು, ನಿನ್ನ ಮನೆಯಲ್ಲೇ ಎಲ್ಲೋ ಓಡಾಡಿಕೊಂಡಿದ್ದಾಳೆ. ಹುಡುಕು. ನೊಣ ಎಲ್ಲಿ ಹೆಚ್ಚೋ ಅಲ್ಲಿ ಹುಡುಕು. ಅವಳಿಗೆ ಉಪವಾಸ ಹೊಸದೇನಲ್ಲ, ಎರಡು ವಾರವಾದರೂ ತಡೆಯುತ್ತಾಳೆ.

ಜೋರಾಗಿ ನಗಬಾರದೆಂದು ಇಲ್ಲಿ ಅಪ್ಪಣೆಯಾಗಿದೆ, ಆದರೂ ನಕ್ಕೆ. ಊದುಬತ್ತಿ ಯಾವುದು ಹಚ್ಚಿದೆ? ಸತ್ತ ನಿನ್ನ ಅತ್ತೆಗೆಂದು ತಂದಿಟ್ಟ ಒಳ್ಳೆಯದನ್ನೇ ಹಚ್ಚಿರುತ್ತೀಯ.

ಇಲ್ಲಿ ಶಾಯಿ ಚೆನ್ನಾಗಿಲ್ಲ. ಕೆಲವು ದಿನ ಪತ್ರ ಬರದಿದ್ದರೆ ಶಾಯಿಯನ್ನು ಬೈದುಕೋ.

ಗೆನ್ಸಾಕು


ಕುರೋಸೆ
ಜೂನ್ ೫

ಮಾವ,

ಸಿಕ್ಕಿದಳು! ಅಡುಗೆಮನೆಯಲ್ಲಿ, ಮಿಸೊ ಜಾಡಿಯ ಮೇಲೆ, ಕಪಾಟಿನಿಂದ ಕಿಟಕಿಯವರೆಗೆ ಬಲೆ ಹೆಣೆದು ರಾಣಿಯಂತೆ ಕೂತಿದ್ದಾಳೆ. ಮೊದಲಿಗಿಂತ ಎರಡರಷ್ಟಾಗಿದ್ದಾಳೆ. ಹಳದಿ ಪಟ್ಟೆ ಎಷ್ಟು ಹೊಳೆಯುತ್ತದೆಂದರೆ ಈಗಷ್ಟೇ ಬಣ್ಣ ಬಳಿದು ತಂದಂತಿದೆ. ನಾನು ಕಿರುಚಲಿಲ್ಲ. ಕಿರುಚಬೇಕೆಂದು ಬಾಯಿ ತೆರೆದೆ, ಬಂದದ್ದು ಮಾತ್ರ, "ಬದುಕಿದೀಯಾ ತಾಯಿ."

ಕೋಣೆಗೆ ಸಾಗಿಸಲು ಧೈರ್ಯ ಬರಲಿಲ್ಲ. ಹಾಗಾಗಿ ಈಗ ಅವಳ ಕೆಳಗೇ ನನ್ನ ಅಡುಗೆ. ಬಗ್ಗಿ ಸಾರಿಗೆ ಮಿಸೊ ತೆಗೆದು, ಬಗ್ಗಿಕೊಂಡೇ ಹಿಂದೆ ಸರಿಯುತ್ತೇನೆ. ಮೊದಲ ದಿನ ಅನ್ನ ಸೀದುಹೋಯಿತು, ಒಲೆಗಿಂತ ಅವಳ ಕಡೆಗೇ ನೋಡುತ್ತಿದ್ದೆ. ಮಾರನೆಯ ದಿನವೂ ಸೀದಿತು, ಆದರೆ ಕಾರಣ ಬೇರೆ. ಅವಳು ನೊಣ ಹಿಡಿದು ಸುತ್ತುವುದನ್ನು ಮಾವ ನೋಡಿದ್ದೀರಲ್ಲ? ಹಿಂಗಾಲಿನಿಂದ ನೂಲು ಎಳೆದೆಳೆದು, ನೊಣವನ್ನು ತಿರುಗಿಸಿ ತಿರುಗಿಸಿ ಬಿಗಿಯುತ್ತಾಳೆ. ಹೆರಿಂಗ್ ಮೀನನ್ನು ಹಗ್ಗಕ್ಕೆ ಕಟ್ಟುವಾಗ ನನ್ನ ಅಮ್ಮನ ಕೈ ಹೀಗೇ ಓಡುತ್ತಿತ್ತು. ಕೂತಾಗ ಎಂಟು ಕಾಲನ್ನು ಎರಡೆರಡಾಗಿ ಜೋಡಿಸಿ ನಾಲ್ಕೇ ಕಾಲಿನವಳಂತೆ ಕಾಣುತ್ತಾಳೆ. ಆ ನಾಲ್ಕು ಕಾಲಿನ ನೇರಕ್ಕೆ ಬಲೆಯಲ್ಲಿ ಬಿಳಿಯ ಅಂಕುಡೊಂಕು ಗೆರೆ ಹಾಕಿದ್ದಾಳೆ. ಅದು ಏತಕ್ಕೆ? ಒತೊಕು ಅಜ್ಜಿಯನ್ನು ಕೇಳಿದರೆ, ಅವಳಿಗೆ ಚಂದ ಕಾಣಬೇಕೆಂಬ ಆಸೆ ಅನ್ನುತ್ತಾರೆ.

ಅಜ್ಜಿ ಇನ್ನೊಂದು ವಿಷಯವನ್ನೂ ಹೇಳಿದರು. ಮೊದಲೆಲ್ಲ ಈ ಮನೆಯಲ್ಲಿ ಮೇ ತಿಂಗಳು ಬಂತೆಂದರೆ ಪ್ರತಿ ತೊಲೆಗೂ ಒಬ್ಬಳು ಇರುತ್ತಿದ್ದಳಂತೆ. ನನ್ನ ಮದುವೆಯ ಮಾರನೆಯ ದಿನವೇ ತಾವು ಎಲ್ಲರನ್ನೂ ಹಿಡಿದು ಪೂರ್ವದ ಕೋಣೆಗೆ ಹಾಕಿ, ಬಾಗಿಲಿಗೆ ಒಳಗಿನಿಂದ ಸೊಳ್ಳೆಪರದೆ ಹೊಲಿದಿರಂತೆ. ಅದು ಸೊಳ್ಳೆಗೆಂದೇ ನಾನು ನಂಬಿದ್ದೆ. ಎರಡು ವರ್ಷ ನನಗೆ ಒಂದು ಮಾತೂ ಹೇಳಲಿಲ್ಲ.

ನಾಗಸಾಕೊ ಬಂದಿದ್ದರು. ಚಹಾ ಕೊಟ್ಟೆ. ಮನೆಯಲ್ಲಿ ಗಂಡಸರಿಲ್ಲವಾದ್ದರಿಂದ ಫಲಕವನ್ನು ಅವಮಾನವಿಲ್ಲದಂತೆ ಮೊದಲೇ ಇಳಿಸಿಬಿಡೋಣ ಎಂದು ಬಹಳ ಮೃದುವಾಗಿ ಹೇಳಿದರು. ಅರಿಮುರ ಮನೆಯಿಂದ ಜೇಡ ಬರುತ್ತದೆ ಎಂದೆ. ಯಾರು ತರುತ್ತಾರೆ ಎಂದು ಕೇಳಿದರು. ನಾನೇ ಎಂದೆ. ಅವರು ನಗಲಿಲ್ಲ, ಬಟ್ಟಲು ಕೆಳಗಿಟ್ಟು ಹೋದರು. ಆ ಬಟ್ಟಲನ್ನು ನಾನು ಮೂರು ಸಲ ತೊಳೆದೆ.

ಮಿನೆ


ಕುರೋಸೆ
ಜೂನ್ ೧೧

ಮಾವ,

ಒಂಬತ್ತು ದಿನವಾಯಿತು. ಶಾಯಿ ಇಷ್ಟು ಕೆಟ್ಟದ್ದಿರುವುದಿಲ್ಲ.

ತಾವು ನನ್ನ ಸುಳ್ಳನ್ನು ಒಂದೇ ಸಾಲಿನಲ್ಲಿ ಹಿಡಿದಿರಿ. ತಮ್ಮ ಸುಳ್ಳು ಹಿಡಿಯಲು ನನಗೆ ಒಂಬತ್ತು ದಿನ ಬೇಕಾಯಿತು. ಸಣ್ಣ ಗಂಟಿಗೆ ಯಾರೂ ಫುಕುಓಕದವರೆಗೆ ಕಳಿಸುವುದಿಲ್ಲ. ನನ್ನಿಂದ ಏನನ್ನೂ ಮುಚ್ಚಿಡಬೇಡಿ. ಒಂದು ಸಾಲು ಬರೆಯಿರಿ. ಲೇಖನಿ ಹಿಡಿಯಲು ಆಗದಿದ್ದರೆ ಖಾಲಿ ಹಾಳೆಯನ್ನೇ ಕಳಿಸಿ, ನಾನು ಓದಿಕೊಳ್ಳುತ್ತೇನೆ.

ದಿನವೂ ಅಭ್ಯಾಸ ಮಾಡುತ್ತಿದ್ದೇನೆ. ಕಾಳಗದ ಅಭ್ಯಾಸಕ್ಕೆಂದು ತಾವು ಕಟ್ಟಿಟ್ಟ ಅಡ್ಡಕೋಲನ್ನು ಅಂಗಳದಲ್ಲಿ ನಿಲ್ಲಿಸಿದ್ದೇನೆ. ಮೊದಲು ಬೆರಳ ತುದಿ ಕೊಟ್ಟೆ, ಆಮೇಲೆ ಅಂಗೈ. ನಿನ್ನೆ ಸ್ಮಶಾನದವಳು ಮಣಿಕಟ್ಟು ದಾಟಿ ಮೊಣಕೈವರೆಗೆ ನಡೆದು ಬಂದಳು. ತೂಕವೇ ಇಲ್ಲ. ಒಂದೊಂದೇ ಕಾಲಿನಿಂದ ಮುಟ್ಟಿ ನೋಡಿ ಹೆಜ್ಜೆ ಇಡುತ್ತಾಳೆ. ಅವಳಿಗೂ ನನ್ನನ್ನು ಕಂಡರೆ ಭಯವಿದೆ ಎಂದು ಆಗ ಗೊತ್ತಾಯಿತು. ಅದು ಗೊತ್ತಾದ ಮೇಲೆ ನನಗೆ ಅವಳ ಮೇಲೆ ಬಹಳ ಪ್ರೀತಿ ಬಂತು.

ತಾವು ಬದುಕಿರಬೇಕು. ಇಷ್ಟೆಲ್ಲ ನಾನು ಬೇರೆ ಯಾರಿಗೆ ಬರೆಯಲಿ?

ಮಿನೆ


ಫುಕುಓಕ
ಜೂನ್ ೧೫

ಮಿನೆ,

ಮೂರನೆಯ ತಾರೀಖು ಹೊಟ್ಟೆ ಕೊಯ್ದರು. ಗಂಟು ಸಣ್ಣದಾಗಿರಲಿಲ್ಲ. ಏಳುವುದಿಲ್ಲವೆಂದುಕೊಂಡೇ ಮಲಗಿದ್ದೆ, ಎದ್ದಿದ್ದೇನೆ. ಜಠರದಲ್ಲಿ ಮುಕ್ಕಾಲು ಪಾಲು ಹೋಗಿದೆ. ನೀನು ಮಣ್ಣು ಮಾಡಿದ ಬಟ್ಟೆಯಂಥದ್ದೇ ಒಂದನ್ನು ನಾನೂ ಕಳಚಿಟ್ಟು ಬಂದಿದ್ದೇನೆ ಎಂದುಕೋ. ನಾನು ಮಾತ್ರ ದೊಡ್ಡವನಾಗಿಲ್ಲ, ಕುಗ್ಗಿದ್ದೇನೆ.

ನಿನ್ನ ಎರಡು ಪತ್ರವನ್ನೂ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಕೈಗೆ ಬಲವಿಲ್ಲ, ಬೇಗ ಹೇಳುತ್ತೇನೆ. ಅವಳನ್ನು ತಳ್ಳಬೇಡ, ಊದಬೇಡ. ಎದುರಾಳಿಯನ್ನು ಕಚ್ಚಿದರೆ ಗೆಲುವು, ನೂಲು ಸುತ್ತಿದರೆ ಗೆಲುವು, ನೇತಾಡುವವಳ ನೂಲು ಕತ್ತರಿಸಿದರೂ ಗೆಲುವು. ಕೋಲು ಬಿಟ್ಟು ಓಡಿದವಳು ಸೋತಂತೆ. ಮೂರು ಗೆದ್ದವಳು ಆ ವರ್ಷದ ಒಡತಿ. ಕೋಲಿಗೆ ಬಿಟ್ಟ ಮೇಲೆ ಕೈ ಬೆನ್ನ ಹಿಂದೆ ಇರಲಿ. ಬೇರೆಯವರ ಜೇಡಕ್ಕೆ ಕೈ ತಾಗಿಸಿದರೆ, ಅದು ನಿನ್ನ ಮೈಮೇಲೇ ಬಂದಿದ್ದರೂ, ನೀನು ಸೋತೆ. ಹಾಗಾಗುವುದು ಅಪರೂಪ.

ಫಲಕ ಒಂದು ತುಂಡು ಮರ ಎಂದಿದ್ದೆ. ಅದು ಸುಳ್ಳು. ಕೊಯ್ಯುವ ಮೊದಲು ಕಣ್ಣು ಮುಚ್ಚಿದಾಗ ನನಗೆ ಕಂಡದ್ದು ಅದೇ.

ಗೆನ್ಸಾಕು


ಕುರೋಸೆ
ಜೂನ್ ೨೦, ಭಾನುವಾರ, ಇನ್ನೂ ಸಂಜೆಯಾಗಿಲ್ಲ

ಅಪ್ಪಾ,

ಫಲಕ ಅಲ್ಲೇ ಇದೆ. ಮೊದಲು ಅದನ್ನು ಹೇಳಿ ಆಮೇಲೆ ಉಳಿದದ್ದು.

ಬೆಳಿಗ್ಗೆ ಯೋಸುಕೆಯ ಹಳೆಯ ಕೋಟು ಹಾಕಿಕೊಂಡು, ಅವಳನ್ನು ತೋಳಿನ ಮೇಲೇ ಕೂರಿಸಿಕೊಂಡು ಹೊರಟೆ. ಅಂಗಳದಲ್ಲಿ ಗಂಡಸರು ದಾರಿ ಬಿಟ್ಟರು, ಮಾತು ಮಾತ್ರ ಬಿಡಲಿಲ್ಲ. "ಕಿರುಚೋ ಸೊಸೆ ಬಂದ್ಲು, ಕಿವಿಗೆ ಹತ್ತಿ ಇಟ್ಕೊಳ್ರಪ್ಪಾ," ಎಂದು ನಾಗಸಾಕೊ ಅಂದರು. ಎಲ್ಲರೂ ನಕ್ಕರು. ತೀರ್ಪು ಹೇಳುವ ಹಿರಿಯರು ಅರಿಮುರ ಎಂದು ಕೂಗಿ, ನನ್ನನ್ನು ನೋಡಿ, ಮತ್ತೊಮ್ಮೆ ಕೂಗಿದರು. ಹೆಂಗಸರು ಕೋಲಿನ ಮುಂದೆ ನಿಂತ ರೂಢಿಯಿಲ್ಲ ಎಂದರು. ಆಗ ಕರ್ಪೂರದ ಮರದ ಕೆಳಗಿನಿಂದ ಒತೊಕು ಅಜ್ಜಿಯ ದನಿ ಕೇಳಿಸಿತು. "ಕೋಲಿನ ಮೇಲೆ ಕುಸ್ತಿ ಆಡೋರೆಲ್ಲ ಹೆಂಗಸ್ರೇ. ನಿಂತ್ಕೊಂಡು ನೋಡೋಕೆ ಮಾತ್ರ ಗಂಡಸ್ರೇ ಆಗ್ಬೇಕಾ?" ಈ ಸಲದ ನಗು ಬೇರೆಯಾಗಿತ್ತು. ಹಿರಿಯರು ತಲೆ ಕೆರೆದುಕೊಂಡು, ನಿಲ್ಲು ಎಂದರು.

ಮೊದಲನೆಯದು ಉಸಿರು ಬಿಡುವುದರೊಳಗೆ ಮುಗಿಯಿತು. ನಮ್ಮವಳು ಕೋಲಿನ ತುದಿಯಲ್ಲಿ ಕಾದು ಕೂತಿದ್ದು, ಹತ್ತಿರ ಬಂದವಳಿಗೆ ನೂಲು ಸುತ್ತಿಬಿಟ್ಟಳು. ಮಿಸೊ ಜಾಡಿಯ ಮೇಲೆ ಎಷ್ಟು ನೊಣ ಸುತ್ತಿದ್ದಾಳೆ, ಅಭ್ಯಾಸ ಎಲ್ಲಿ ಹೋಗುತ್ತದೆ? ಎರಡನೆಯದರಲ್ಲಿ ಜಾರಿ ನೂಲಿನಿಂದ ನೇತಾಡಿದಳು. ಎದುರಾಳಿ ನೂಲು ಕತ್ತರಿಸಲು ಬಗ್ಗುವುದರೊಳಗೆ ಮೇಲೆ ಹತ್ತಿ ಅವಳ ಹೊಟ್ಟೆಗೇ ಬಾಯಿ ಹಾಕಿದಳು. ಹಿರಿಯರು ತಕ್ಷಣ ಇಬ್ಬರನ್ನೂ ಬಿಡಿಸಿದರು, ಯಾರಿಗೂ ಏನೂ ಆಗಲಿಲ್ಲ.

ಮೂರನೆಯದು ನಾಗಸಾಕೊ ಅವರದು. ದೊಡ್ಡವಳು, ಅನುಭವಸ್ಥೆ. ಕಾಲಿಗೆ ಕಾಲು ಕೊಟ್ಟು ಬಹಳ ಹೊತ್ತು ನಿಂತರು. ಇದ್ದಕ್ಕಿದ್ದಂತೆ ನಮ್ಮವಳು ನುಗ್ಗಿದಳು. ಆ ದೊಡ್ಡವಳು ಕೋಲು ಬಿಟ್ಟು ಹಾರಿದಳು. ಹಾರಿ, ಗಾಳಿಗೆ ತೂಗಿ, ನನ್ನ ಕೆನ್ನೆಯ ಮೇಲೆ ಬಂದು ಕೂತಳು.

ಅಪ್ಪಾ, ಗೆದ್ದಾಗಿತ್ತು. ಆದರೆ ಕೈ ತಾಗಿಸಿದರೆ ಸೋತೆ. ಅವಳ ಒಂದು ಕಾಲು ನನ್ನ ರೆಪ್ಪೆಯ ಮೇಲಿತ್ತು. ಊರಿಗೆ ಊರೇ ನನ್ನ ಬಾಯಿಯನ್ನೇ ನೋಡುತ್ತಿತ್ತು, ಎರಡು ವರ್ಷದಿಂದ ಇದಕ್ಕೇ ಕಾದವರಂತೆ. ಬೆನ್ನ ಹಿಂದೆ ನನ್ನ ಉಗುರು ಅಂಗೈಗೆ ನಾಟಿತು. ಆಗ ಅವಳು ಕಾಲಿನಿಂದ ಮುಟ್ಟಿ ನೋಡಿ ನೋಡಿ ಹೆಜ್ಜೆ ಇಡುವುದು ನನಗೆ ಗೊತ್ತಾಯಿತು. ಪಾಪ, ಸೋತು ಹೆದರಿ ಬಂದವಳು. ನನ್ನ ಮುಷ್ಟಿ ಸಡಿಲವಾಯಿತು.

"ನಾಗಸಾಕೊ ಅವರೇ," ಎಂದೆ, ತುಟಿ ಹೆಚ್ಚು ಅಲುಗಿಸದೆ. "ನಿಮ್ಮವಳು ನಮ್ಮ ಮನೆಗೆ ಬಂದಿದ್ದಾಳೆ. ಬಂದು ಕರ್ಕೊಂಡು ಹೋಗಿ."

ಅವರು ಬಂದರು. ನನ್ನ ಕೆನ್ನೆಯಿಂದ ತಮ್ಮವಳನ್ನು ಎತ್ತಿಕೊಳ್ಳುವಾಗ ನಡುಗುತ್ತಿದ್ದುದು ಅವರ ಕೈ. ಎತ್ತಿಕೊಂಡ ಮೇಲೆ ನನಗೆ ಸೊಂಟದವರೆಗೆ ಬಗ್ಗಿ ವಂದಿಸಿದರು. ಆಮೇಲೆ ಎದ್ದ ಗದ್ದಲ ಬರೆಯಲು ಬರುವುದಿಲ್ಲ. ಅಜ್ಜಿ ಅಳುತ್ತಿದ್ದರು, ನಾನು ನಗುತ್ತಿದ್ದೆ. ಶೋಚು ಸಾರಾಯಿಯ ಬಟ್ಟಲು ಮೊದಲು ನನ್ನ ಕೈಗೇ ಬಂತು.

ನಾಳೆ ಅವಳನ್ನು ಬಿಟ್ಟುಬಿಡಬೇಕಂತೆ, ಅದೇ ಪದ್ಧತಿ. ಸ್ಮಶಾನದವರೆಗೆ ಕಳಿಸಲು ಮನಸ್ಸಿಲ್ಲ. ಅವಳ ಬಟ್ಟೆ ಮಣ್ಣು ಮಾಡಿದ ಬಿವಾ ಮರಕ್ಕೆ ಬಿಡುತ್ತೇನೆ. ಪೂರ್ವದ ಕೋಣೆಯ ಪರದೆಯನ್ನು ಈಗ ತಾನೇ ಕತ್ತರಿಸಿ ಹಾಕಿದೆ. ಬಿದಿರುಮೆಳೆಯವಳು ಆಗಲೇ ನಡುಮನೆಯ ತೊಲೆ ಹತ್ತಿದ್ದಾಳೆ.

ಮಿನೆ


ಫುಕುಓಕ
ಜೂನ್ ೨೪

ಮಿನೆ, ಮಗಳೇ,

ಹವೆಯ ವಿಚಾರ: ಇವತ್ತು ಕಿಟಕಿ ತೆರೆದರು. ಬಿಸಿಲು ಚೆನ್ನಾಗಿದೆ.

ನಿನ್ನ ಪತ್ರವನ್ನು ಮೂರು ಸಲ ನಾನು ಓದಿಕೊಂಡೆ, ನಾಲ್ಕನೆಯ ಸಲ ಇಡೀ ವಾರ್ಡಿಗೆ ಓದಿ ಹೇಳಿದೆ. ಕೆನ್ನೆಯ ಭಾಗ ಬಂದಾಗ ಗಂಜಿ ಕೊಡಲು ಬಂದ ನರ್ಸ್ ಬಟ್ಟಲು ಹಿಡಿದುಕೊಂಡೇ ನಿಂತುಬಿಟ್ಟಳು. ಪಕ್ಕದ ಹಾಸಿಗೆಯವನು ಇವಳು ನಿಮ್ಮ ಮಗಳೇ ಎಂದು ಕೇಳಿದ. ಹೌದು ಎಂದೆ.

ಈಗ ನನ್ನದೊಂದು ಮಾತು. ಇದನ್ನು ನಿನ್ನ ಅತ್ತೆಗೂ ಹೇಳಿರಲಿಲ್ಲ, ಯೋಸುಕೆಗೂ ಹೇಳಿಲ್ಲ. ನಲವತ್ತೆರಡು ವರ್ಷ ನಾನು ಆ ಕೋಲಿನ ಮುಂದೆ ನಿಂತಿದ್ದೇನೆ. ಕೈಯ ಮೇಲೆ ಬರಲಿ, ತೋಳಿನ ಮೇಲೆ ಬರಲಿ, ನನಗೇನೂ ಆಗುವುದಿಲ್ಲ. ಮುಖದ ಮೇಲೆ ಮಾತ್ರ ಆಗದು. ಒಂದು ವರ್ಷ, ಯೋಸುಕೆ ಹುಟ್ಟುವ ಮೊದಲು, ನಾಗಸಾಕೊನ ಅಪ್ಪನ ಜೇಡ ಹೀಗೇ ಹಾರಿ ನನ್ನ ಮೂಗಿನ ಮೇಲೆ ಕೂತಿತು. ಎರಡೂ ಕೈಯಿಂದ ಹೊಡೆದು ಬೀಳಿಸಿದೆ. ಕಣ್ಣಿಗೆ ಬೆಟ್ಟದ ಬೂದಿ ಬಿತ್ತೆಂದು ಹೇಳಿದೆ. ಊರು ನಂಬಿತು, ಪಂದ್ಯ ಮಾತ್ರ ಸೋತೆ. ನೀನು ಮದುವೆಯ ದಿನ ಕಿರುಚಿದಾಗ ಎಲ್ಲರೂ ನಕ್ಕರಲ್ಲ, ನಾನು ನಕ್ಕಿರಲಿಲ್ಲ. ಪರದೆ ಹೊಲಿದದ್ದು ಅದಕ್ಕೇ.

ಜುಲೈ ಹತ್ತಕ್ಕೆ ಬಿಡುತ್ತಾರೆ. ಬಿವಾ ಮರದಲ್ಲಿ ಅವಳು ಅಷ್ಟು ದಿನ ಇದ್ದಾಳು. ಬಂದ ಮೇಲೆ ಒಂದು ಬೆಳಿಗ್ಗೆ ಅವಳನ್ನು ತಂದು ನನ್ನ ಕೆನ್ನೆಯ ಮೇಲೆ ಬಿಡು. ನೀನು ಪಕ್ಕದಲ್ಲೇ ನಿಂತಿರು. ನಾನು ಕಿರುಚಿದರೆ ಊರಿಗೆ ಹೇಳಬೇಡ.

ಅಪ್ಪ